ಮಾರಿಸ್ ಮೈನರ್‌ಗೆ ಚಳಿ

ಎಡಿನ್‌ಬರೋದಲ್ಲಿರುವ ನಮ್ಮ ಅಳಿಯಂದಿರ ಬಳಿ 1967ರ ಮಾರಿಸ್ ಮೈನರ್ ಕಾರಿದೆ. ಕಳೆದ ಜನವರಿಯಲ್ಲಿ ಅದರ ಹೀಟರ್ ಕೈಕೊಟ್ಟಿತು. ಫ್ಯಾನೇನೋ ತಿರುಗುತ್ತದೆ, ಬರುವುದು ತಣ್ಣನೆ ಗಾಳಿ! ಮುಂದಿನ ಗಾಜು ಮಸುಕಾಗಿ ರಸ್ತೆಯೇ ಕಾಣದು. ಮೊಮ್ಮಗಳನ್ನು ಶಾಲೆಗೆ ಬಿಡುವುದು ಹೇಗೆ?

ಈ ಹೀಟರಿಗೆ ಬೇರೆ ಒಲೆಯಿಲ್ಲ. ಎಂಜಿನ್ನಿನಲ್ಲಿ ಕಾದ ನೀರೇ ರಬ್ಬರ್ ಪೈಪಿನಲ್ಲಿ ಬಂದು, ಒಂದು ಪುಟ್ಟ ರೇಡಿಯೇಟರ್ ಸುತ್ತಿ ವಾಪಸ್ಸಾಗುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಜಮಾ, ಖರ್ಚು ಎರಡೂ ನೋಡುವುದು ಬ್ಯಾಂಕಿನವರ ರೂಢಿ. ಎರಡೂ ಪೈಪು ಮುಟ್ಟಿದೆ. ಎಂಜಿನ್ ಕಾದಿದ್ದರೂ ಎರಡೂ ತಣ್ಣಗಿದ್ದವು. ಅಂದರೆ ಜಮಾ ಆಗಿಯೇ ಇಲ್ಲ!

ಎಂಜಿನ್ ಪೂರ್ತಿ ಆರಿದ ಮೇಲೆ (ಮೊದಲೇ ಬಿಚ್ಚಿದರೆ ಕುದಿನೀರು ಚಿಮ್ಮುತ್ತದೆ, ಮಕ್ಕಳೇ) ಅಳಿಯಂದಿರು ಸಿಲಿಂಡರ್ ಹೆಡ್ಡಿನ ನಲ್ಲಿ ಬಿಚ್ಚಿದರು. ಅದರ ತುಂಬ ತುಕ್ಕಿನ ಕೆಸರು. ತಂತಿಯಿಂದ ಕೆರೆದು ತೊಳೆದು ಕೂರಿಸಿದರು.

ಗಾಜು ತಿಳಿಯಾಯಿತು. ಅದರ ಮೇಲೆ ಬೆರಳಿನಲ್ಲಿ ಬರೆದಿದ್ದ ಆನೆ ಅಳಿಸಿತೆಂದು ಮೊಮ್ಮಗಳಿಗೆ ಮಾತ್ರ ಸಿಟ್ಟು.