ಬುನಾದಿ ಇಲ್ಲದ ಥೇಟರು: ಇಂಡಿಯಿಂದ ಬಸವನ ಬಾಗೇವಾಡಿವರೆಗೆ ಕಂಪನಿ ನಾಟಕದ ಜಾಡು

(ದೃಶ್ಯ: ಬೆಳಗಿನ ಬಿಸಿಲಲ್ಲಿ ಗೋಳಗುಮ್ಮಟ. ಬಸ್ ನಿಲ್ದಾಣ. ‘ಇಂಡಿ’ ಎಂಬ ಫಲಕ.)

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತುತ್ತಾರೆ, ಮೇಲಿನ ಗ್ಯಾಲರಿಯಲ್ಲಿ ಒಂದು ಕೂಗು ಹಾಕಿ ಮಾರ್ದನಿ ಕೇಳುತ್ತಾರೆ, ಇಬ್ರಾಹಿಂ ರೋಜಾ ನೋಡಿಕೊಂಡು ಸಂಜೆಯ ರೈಲು ಹಿಡಿಯುತ್ತಾರೆ. 1656ರ ಗುಮ್ಮಟ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಆದರೆ ಇದೇ ಜಿಲ್ಲೆಯ ಜನ ರಾತ್ರಿಯೆಲ್ಲಾ ಕುಳಿತು ನಕ್ಕು, ಅತ್ತು, ಸಿಳ್ಳೆ ಹೊಡೆದ ಕಟ್ಟಡವೊಂದಿತ್ತು. ಅದು ಯಾವ ಪ್ರವಾಸಿ ನಕಾಶೆಯಲ್ಲೂ ಸಿಗುವುದಿಲ್ಲ, ಏಕೆಂದರೆ ಅದಕ್ಕೆ ಬುನಾದಿಯೇ ಇರಲಿಲ್ಲ. ಬೊಂಬು, ತಗಡು, ತಟ್ಟಿ, ತಾಡಪತ್ರಿ, ಇಷ್ಟರಿಂದ ಎದ್ದು ನಿಲ್ಲುತ್ತಿದ್ದ ಕಂಪನಿ ನಾಟಕದ ಥೇಟರು ಅದು. ಲಾರಿಯಲ್ಲಿ ಬರುತ್ತಿತ್ತು, ತಿಂಗಳುಗಟ್ಟಲೆ ಊರನ್ನು ಎಚ್ಚರವಿಡುತ್ತಿತ್ತು, ಬಿಚ್ಚಿದ ಮೇಲೆ ಮತ್ತೆ ಲಾರಿ ಏರಿ ಹೋಗುತ್ತಿತ್ತು.

ಈ ಪಯಣ ಆ ಥೇಟರಿನ ಜಾಡು ಹಿಡಿದು ಹೊರಟಿದೆ. ವಿಜಯಪುರದಿಂದ ಇಂಡಿ, ಅಲ್ಲಿಂದ ಸಿಂದಗಿ, ಮುದ್ದೇಬಿಹಾಳ, ಕಡೆಗೆ ಬಸವನ ಬಾಗೇವಾಡಿ. ನಾಲ್ಕೂ ತಾಲ್ಲೂಕು ಊರುಗಳು. ನಾಲ್ಕರಲ್ಲೂ ಜಾತ್ರೆ, ಸಂತೆ, ಸುಗ್ಗಿಯ ದುಡ್ಡು ಮತ್ತು ನಾಟಕದ ಹುಚ್ಚು.

(ದೃಶ್ಯ: ಲಿಂಬೆ ತೋಟ. ಇಂಡಿ ರೋಡ್ ರೈಲು ನಿಲ್ದಾಣ. ಸಂತೆಯಲ್ಲಿ ಕನ್ನಡ, ಮರಾಠಿ ಮಾತು.)

ಇಂಡಿ ಲಿಂಬೆಯ ಊರು. ಉತ್ತರಕ್ಕೆ ಭೀಮಾ ನದಿ, ಅದರಾಚೆ ಮಹಾರಾಷ್ಟ್ರ. ವ್ಯಾಪಾರಕ್ಕೆ ವಿಜಯಪುರದಷ್ಟೇ ಸೊಲ್ಲಾಪುರವೂ ಇಲ್ಲಿನವರಿಗೆ ಬಳಕೆಯ ಪೇಟೆ. 1956ರ ತನಕ ಈ ಸೀಮೆ ಮುಂಬಯಿ ಆಡಳಿತದಲ್ಲಿತ್ತು. ನಾಟಕದ ಗಾಳಿಯೂ ಆ ಕಡೆಯಿಂದ ಬೀಸಿತು. 1843ರಲ್ಲಿ ವಿಷ್ಣುದಾಸ ಭಾವೆ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದ ಮೇಲೆ ಮರಾಠಿ ಮಂಡಳಿಗಳು ಕನ್ನಡದ ಊರುಗಳಿಗೂ ಬರತೊಡಗಿದವು. ಕನ್ನಡದ ನೆಲದಲ್ಲಿ ಕನ್ನಡ ನಾಟಕ ಆಡಲೇಬೇಕೆಂದು ಹಟ ತೊಟ್ಟವರು ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿ. 1870ರ ದಶಕದಲ್ಲಿ ಗದಗಿನಲ್ಲಿ ಅವರು ಕಟ್ಟಿದ ಕೃತಪುರ ನಾಟಕ ಮಂಡಳಿ ‘ಉಷಾಹರಣ’ ಆಡಿತು. ಮುಂದಿನ ದಶಕದಲ್ಲಿ ಸೊಲ್ಲಾಪುರ ಬಳಿಯ ಹೊಟಗಿಯಿಂದ ವಿಜಯಪುರದ ಮೇಲೆ ಗದಗಿಗೆ ರೈಲು ಹಳಿ ಬಿತ್ತು. ಪರದೆ, ಪೆಟ್ಟಿಗೆ, ಪೇಟಿ, ತಬಲಾ ಹೊತ್ತ ಮಂಡಳಿಗಳಿಗೆ ಊರೂರು ಸುತ್ತುವುದು ಸಲೀಸಾಯಿತು.

ಇಲ್ಲಿನ ಪ್ರೇಕ್ಷಕ ಕಂಪನಿಗಳು ಬರುವ ಮೊದಲೇ ತಯಾರಾಗಿದ್ದ. ಹಳೆಯ ಇಂಡಿ ತಾಲ್ಲೂಕಿನ ಹಲಸಂಗಿ ಲಾವಣಿಯ ತವರು. ಲಾವಣಿಕಾರ ಖಾಜಾಭಾಯಿ ಅದೇ ಊರಿನವರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಹಲಸಂಗಿ ಗೆಳೆಯರು ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಹಾಡು ಕೇಳಿ ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅದರ ಬೆನ್ನಿಗೆ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ ಬಂತು. ಡಪ್ಪಿನ ಪೆಟ್ಟಿಗೆ, ಸವಾಲ್ ಜವಾಬಿಗೆ ಕಿವಿ ಪಳಗಿದ ಈ ಜನರ ಮುಂದೆ ಶ್ರುತಿ ತಪ್ಪಿದ ನಟ ಒಂದು ರಾತ್ರಿಯೂ ಬಾಳುವಂತಿರಲಿಲ್ಲ.

(ದೃಶ್ಯ: ಆಲಮೇಲ ದಾರಿ, ಕಬ್ಬು, ಎರೆಹೊಲ. ಸಿಂದಗಿ ಪೇಟೆ.)

ಆಲಮೇಲದ ಮೇಲೆ ಹಾದು ಸಿಂದಗಿ ಸೇರಿದರೆ ಹೆದ್ದಾರಿ ಸಿಗುತ್ತದೆ. ಪೂರ್ವಕ್ಕೆ ಹೋದರೆ ಜೇವರ್ಗಿ. ಜೇವರ್ಗಿ ರಾಜಣ್ಣನವರ ಕಂಪನಿಯ ‘ಕುಂಟ ಕೋಣ ಮೂಕ ಜಾಣ’ ಉತ್ತರ ಕರ್ನಾಟಕದ ಮನೆಮಾತಾದ ನಾಟಕ. ಆ ಹೆಸರು ಕೇಳಿದ ಕೂಡಲೇ ನಗುವ ಜನ ಈ ದಾರಿಯ ಊರೂರಲ್ಲೂ ಇದ್ದಾರೆ.

ಕಂಪನಿಯ ಥೇಟರು ಕಟ್ಟುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಮೊದಲು ಬಯಲು ಗೊತ್ತಾಗಬೇಕು. ಜಾತ್ರೆಯ ಮೈದಾನವೋ, ಬಸ್ ನಿಲ್ದಾಣದ ಹತ್ತಿರದ ಖಾಲಿ ಜಾಗವೋ ಆಗಬಹುದು. ಪುರಸಭೆಯ ಪರವಾನಗಿ, ಪೊಲೀಸ್ ಠಾಣೆಯ ಒಪ್ಪಿಗೆ, ತಾತ್ಕಾಲಿಕ ಕರೆಂಟು ಸಿಕ್ಕ ಮೇಲೆ ಲಾರಿಗಳು ಬರುತ್ತವೆ. ಕುಣಿ ತೋಡಿ ಕಂಬ ನೆಡುತ್ತಾರೆ, ಅಡ್ಡ ಬೊಂಬು ಬಿಗಿಯುತ್ತಾರೆ, ಮೇಲೆ ತಗಡು, ಸುತ್ತ ತಟ್ಟಿ. ಹಲಗೆ ಜೋಡಿಸಿದ ರಂಗದ ಮುಂದೆ, ತುಸು ತಗ್ಗಿನಲ್ಲಿ, ಕಾಲುಪೇಟಿ ಮತ್ತು ತಬಲಾದವರ ಜಾಗ. ಈಗೀಗ ಅಲ್ಲಿ ಕ್ಯಾಸಿಯೋ, ರಿದಂ ಪ್ಯಾಡು ಬಂದಿವೆ. ರಂಗದ ಹಿಂದೆ ಇನ್ನೊಂದು ಪುಟ್ಟ ಊರೇ ಎದ್ದಿರುತ್ತದೆ. ನಟನಟಿಯರ ಬಿಡಾರ, ಕಂಪನಿಯ ಅಡುಗೆಮನೆ, ಒಣಹಾಕಿದ ಸೀರೆ, ಮೊಕ್ಕಾಂ ಬದಲಾದಾಗಲೆಲ್ಲ ಶಾಲೆಯೂ ಬದಲಾಗುವ ಮಕ್ಕಳು.

ಮಧ್ಯಾಹ್ನದಿಂದಲೇ ಪ್ರಚಾರದ ಗಾಡಿ ಓಣಿ ಓಣಿ ಸುತ್ತುತ್ತದೆ. ‘ನೋಡಲು ಮರೆಯದಿರಿ, ಮರೆತು ನಿರಾಶರಾಗದಿರಿ’ ಎಂಬ ಧ್ವನಿಯ ಹಿಂದೆ ಹ್ಯಾಂಡ್‌ಬಿಲ್ಲಿಗಾಗಿ ಓಡುವ ಹುಡುಗರ ದಂಡು. ಎತ್ತಿನ ಗಾಡಿಗಳ ಕಾಲದಲ್ಲಿ ಸುತ್ತಲ ಹಳ್ಳಿಯವರು ಕೊಲ್ಲಾರಿ ಕಟ್ಟಿಕೊಂಡು, ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಹಿಡಿದು, ಕಂಬಳಿ ಹೆಗಲಿಗೇರಿಸಿ ಹೊತ್ತು ಮುಳುಗುವ ಮುನ್ನವೇ ಬಂದಿಳಿಯುತ್ತಿದ್ದರು. ಸಂಜೆಯ ಆಟ ಒಂದು, ರಾತ್ರಿ ಊಟದ ಮೇಲಿನ ಆಟ ಇನ್ನೊಂದು. ಥೇಟರಿನ ಬಾಗಿಲಲ್ಲಿ ಮಿರ್ಚಿ ಭಜಿ, ಗಿರ್ಮಿಟ್, ಚಹಾದ ಅಂಗಡಿ. ಕಂಪನಿ ಬಂತೆಂದರೆ ಹಣ್ಣಿನವರಿಂದ ಹಿಡಿದು ದರ್ಜಿಯವರೆಗೆ ಎಷ್ಟೋ ಮನೆಯ ಒಲೆ ಚೆನ್ನಾಗಿ ಉರಿಯುತ್ತಿತ್ತು.

ಮೂರನೆಯ ಗಂಟೆ ಬಾರಿಸಿದ ಕೂಡಲೇ ನಾಂದಿ. ಆಮೇಲೆ ಪರದೆಗಳ ಕೆಲಸ. ದರ್ಬಾರಿನ ಪರದೆ, ಕಾಡಿನ ಪರದೆ, ಮನೆಯ ಪರದೆ, ಎಲ್ಲಕ್ಕೂ ಮುಂದೆ ಬೀದಿ ಪರದೆ. ಹಾಸ್ಯದ ಜೋಡಿ ಬೀದಿ ಪರದೆಯ ಮುಂದೆ ಜನರನ್ನು ನಗಿಸುತ್ತಿರುವಾಗ ಅದರ ಹಿಂದೆ ಸದ್ದಿಲ್ಲದೆ ಸಿಂಹಾಸನ ಬಂದು ಕೂರುತ್ತದೆ, ತೂಗುದೀಪ ಇಳಿಯುತ್ತದೆ. ನಗು ಇಳಿಯುವ ಹೊತ್ತಿಗೆ ಪರದೆ ಮೇಲೇಳಬೇಕು. ಒಂದು ನಿಮಿಷ ತಡವಾದರೂ ಸಿಳ್ಳೆ ಶುರು. ಹಾಸ್ಯನಟನ ಮಾತು ಎಷ್ಟು ಉದ್ದ ಎಂಬುದು ಹಿಂದೆ ಸಾಮಾನು ಹೊರುವವರ ಮೇಲೂ ನಿಂತಿತ್ತು. ಮೈಕು ಬರುವ ಮುನ್ನ ಕಟ್ಟಕಡೆಯ ನೆಲದಲ್ಲಿ ಕುಳಿತವನಿಗೂ ಕೇಳುವಂತೆ ಎದೆಯಿಂದ ಮಾತು ಎತ್ತಬೇಕಿತ್ತು. ಹಾಡು ಹಿಡಿಸಿದರೆ ‘ಒನ್ಸ್ ಮೋರ್’ ಎಂಬ ಕೂಗು. ಸಾಯುವ ದೃಶ್ಯದಲ್ಲಿ ಹಾಡಿದ ನಾಯಕನೂ ಎದ್ದು ಮತ್ತೊಮ್ಮೆ ಹಾಡಿ ಸಾಯಬೇಕಾಗುತ್ತಿತ್ತು.

(ದೃಶ್ಯ: ತಾಳಿಕೋಟಿ ದಾಟಿ ಮುದ್ದೇಬಿಹಾಳ. ತಂಗಡಗಿ ಬಳಿ ಕೃಷ್ಣಾ ನದಿಯ ಸೇತುವೆ.)

ಮುದ್ದೇಬಿಹಾಳಕ್ಕೆ ಬಂದರೆ ನಾಟಕ ಬರೆದವರ ಸೀಮೆ ಹತ್ತಿರವಾಗುತ್ತದೆ. ತಂಗಡಗಿಯ ಬಳಿ ಕೃಷ್ಣೆ ದಾಟಿ ಆಚೆ ಹೋದರೆ ಹುನಗುಂದದ ಕಡೆಯ ನಾಡು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಅದೂ ಬಿಜಾಪುರ ಜಿಲ್ಲೆಯೇ. ಅಲ್ಲಿನ ಕಂದಗಲ್ಲಿನಲ್ಲಿ 1896ರಲ್ಲಿ ಹುಟ್ಟಿದವರು ಹನುಮಂತರಾಯರು. ಜನ ಅವರನ್ನು ‘ಕನ್ನಡದ ಷೇಕ್ಸ್‌ಪಿಯರ್’ ಎಂದು ಕರೆದರು. ಅಶ್ವತ್ಥಾಮ ಪಾಂಡವರ ಮಕ್ಕಳನ್ನು ಕೊಂದ ರಾತ್ರಿಯ ಕಥೆಯಾದ ‘ರಕ್ತರಾತ್ರಿ’, ಮತ್ತೆ ‘ಕುರುಕ್ಷೇತ್ರ’, ‘ಚಿತ್ರಾಂಗದಾ’ ಅವರ ನಾಟಕಗಳು. ‘ರಕ್ತರಾತ್ರಿ’ ಆಡುವ ಹಳ್ಳಿಯಲ್ಲಿ ಶಕುನಿಯ ಪಾತ್ರ ಯಾರಿಗೆ ಎಂಬುದೇ ಮೊದಲ ಪ್ರಶ್ನೆ. ಒಂದಕ್ಷರ ತಪ್ಪದೆ ಆ ಮಾತು ಒಪ್ಪಿಸುವ ರೈತರು ಇಂದಿಗೂ ಸಿಗುತ್ತಾರೆ. ವಿಜಯಪುರದ ರಂಗಮಂದಿರಕ್ಕೆ ಕಂದಗಲ್ ಹನುಮಂತರಾಯರ ಹೆಸರನ್ನೇ ಇಡಲಾಗಿದೆ.

ಅದೇ ಸೀಮೆಯ ಸೂಳೇಭಾವಿಯವರು ಪಿ.ಬಿ. ಧುತ್ತರಗಿ. ಅವರ ‘ಸಂಪತ್ತಿಗೆ ಸವಾಲ್’ ತಗಡಿನ ಥೇಟರುಗಳಲ್ಲಿ ಮೆರೆದ ಮೇಲೆ 1974ರಲ್ಲಿ ಸಿನಿಮಾ ಆಯಿತು. ರಾಜ್‌ಕುಮಾರ್ ಎಮ್ಮೆಯ ಮೇಲೆ ಕುಳಿತು ಹಾಡಿದ್ದು, ಗಾಯಕರಾಗಿ ನಾಡಿಗೆ ಹತ್ತಿರವಾದದ್ದು ಆ ಚಿತ್ರದಲ್ಲೇ. ಬೆಂಗಳೂರು, ಮೈಸೂರಿನ ದೊಡ್ಡ ಟಾಕೀಜುಗಳ ಮುಂದೆ ಸಾಲು ನಿಂತವರು ನೋಡಿದ್ದು ಉತ್ತರ ಕರ್ನಾಟಕದ ಜಾತ್ರೆಯ ಬಯಲಲ್ಲಿ ಹದಗೊಂಡ ಕಥೆಯನ್ನು.

ಹೆಣ್ಣುಮಕ್ಕಳ ಪಾಲನ್ನು ಇಲ್ಲಿ ಮರೆಯುವಂತಿಲ್ಲ. ಗಂಡಸರೇ ಸೀರೆಯುಟ್ಟು ಪಾತ್ರ ಮಾಡುತ್ತಿದ್ದ ಕಾಲದಲ್ಲಿ, ಸಮಾಜದ ಚುಚ್ಚುಮಾತು ಹೊತ್ತುಕೊಂಡೇ ರಂಗಕ್ಕೆ ಬಂದವರು ಅವರು. ಬೀಳಗಿ ಸೀಮೆಯ ಅಕ್ಕತಂಗಿಯರಾದ ಗೋಹರಬಾಯಿ ಮತ್ತು ಅಮೀರ್‌ಬಾಯಿ ಕರ್ನಾಟಕಿ ಮುಂಬಯಿ ತನಕ ಹೋದರು. ಗೋಹರಬಾಯಿ ಬಾಲಗಂಧರ್ವರ ಕಂಪನಿಯಲ್ಲಿ ನಾಯಕಿಯಾದರು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ಅಮೀರ್‌ಬಾಯಿ ದೇಶಕ್ಕೆಲ್ಲ ಗೊತ್ತಾದರು. ವಿಜಯಪುರದ ಅಮೀರ್ ಟಾಕೀಜ್ ಹಳಬರಿಗೆಲ್ಲ ಪರಿಚಯದ ಹೆಸರು. ಇತ್ತ ಹೆಸರು ಬಾರದ ನೂರಾರು ನಟಿಯರು ಇಳಕಲ್ಲು, ಗುಳೇದಗುಡ್ಡ, ಗದಗಿನಿಂದ ರಾತ್ರಿ ಬಸ್ಸು ಹಿಡಿದು ಹಳ್ಳಿಯ ನಾಟಕಗಳಿಗೆ ಬಂದರು. ಒಂದೇ ತಾಲೀಮಿನಲ್ಲಿ ಗೊತ್ತಿಲ್ಲದ ನಾಯಕನ ಜತೆ ಹೊಂದಿಕೊಂಡು ಹಾಡಿದರು, ಬೆಳಗಿನ ಬಸ್ಸಿಗೆ ಮರಳಿದರು. ಆ ದುಡ್ಡಿನಲ್ಲಿ ಮಕ್ಕಳನ್ನು ಓದಿಸಿದರು.

(ದೃಶ್ಯ: ಬಸವನ ಬಾಗೇವಾಡಿ. ಮೂಲ ನಂದೀಶ್ವರ ಗುಡಿ, ಬಸವ ಸ್ಮಾರಕ.)

ಬಸವನ ಬಾಗೇವಾಡಿಯಲ್ಲಿ ನಾಟಕಕ್ಕೆ ಬೇರೆಯೇ ತೂಕ. ಬಸವಣ್ಣ ಹುಟ್ಟಿದ ಊರಿನ ಸೀಮೆಯಲ್ಲಿ ರಂಗದ ಮೇಲೆ ಬಸವಣ್ಣನಾಗಿ ನಿಲ್ಲುವುದೆಂದರೆ ಹೊಣೆಯ ಮಾತು. ಏಣಗಿ ಬಾಳಪ್ಪನವರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಆ ಪಾತ್ರ ಮಾಡಿದಾಗ ಪ್ರೇಕ್ಷಕರು ಕೈಮುಗಿದು, ಕಾಲಿಗೆರಗಿದ ಪ್ರಸಂಗಗಳನ್ನು ಉತ್ತರ ಕರ್ನಾಟಕ ಇಂದಿಗೂ ಹೇಳುತ್ತದೆ. ತಮ್ಮದೇ ಕಲಾವೈಭವ ನಾಟ್ಯ ಸಂಘ ಕಟ್ಟಿ ಊರೂರು ತಿರುಗಿದ ಬಾಳಪ್ಪನವರು 2017ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಇದೇ ಕಥೆ 1959ರಲ್ಲಿ ಹೊನ್ನಪ್ಪ ಭಾಗವತರ್ ಬಸವಣ್ಣನಾಗಿ, ರಾಜ್‌ಕುಮಾರ್ ಬಿಜ್ಜಳನಾಗಿ ತೆರೆಗೂ ಬಂತು.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಕಂಪನಿಯನ್ನೂ ಈ ಸೀಮೆ ಕೈಹಿಡಿದು ಪೊರೆದಿದೆ. ಕಣ್ಣಿಲ್ಲದ ಮಕ್ಕಳಿಗೆ ಸಂಗೀತ, ಊಟ, ಆಸರೆ ಕೊಡುವ ಆಶ್ರಮಕ್ಕೆ ನಾಟಕದ ಗಲ್ಲಾ ಒಂದು ಆಧಾರವಾಗಿತ್ತು. ಪುಟ್ಟರಾಜ ಗವಾಯಿಗಳು ಸ್ವತಃ ನಾಟಕ ಬರೆದು, ಪೇಟಿಯ ಮುಂದೆ ಕುಳಿತವರು. ಆ ಥೇಟರಿಗೆ ಟಿಕೆಟ್ ಕೊಳ್ಳುವುದನ್ನು ಜನ ದಾನವೆಂದೇ ತಿಳಿದಿದ್ದರು.

(ದೃಶ್ಯ: ವಾಣಿಜ್ಯ ಮಳಿಗೆಗಳ ಸಾಲು, ಹೊಸ ಲೇಔಟಿನ ಕಲ್ಲುಗಳು.)

ಥೇಟರು ಬಿಚ್ಚಿದ್ದು ಒಂದೇ ದಿನದಲ್ಲಲ್ಲ. ಮೊದಲು ಟೂರಿಂಗ್ ಟಾಕೀಜುಗಳು ಬಂದವು. ಆಗ ನಾಟಕ, ಸಿನಿಮಾ ಎರಡೂ ಒಂದೇ ಜಾತ್ರೆಯಲ್ಲಿ ಬದುಕಿದವು. ಎಂಬತ್ತರ ದಶಕದಲ್ಲಿ ಟಿ.ವಿ. ಮನೆ ಹೊಕ್ಕಿತು. 1987ರ ಜನವರಿಯಲ್ಲಿ ‘ರಾಮಾಯಣ’ ಧಾರಾವಾಹಿ ಶುರುವಾದ ಮೇಲೆ, ಪೌರಾಣಿಕ ನಾಟಕದ ಕಿರೀಟ, ಗದೆಗಳನ್ನು ಜನ ಮನೆಯಲ್ಲೇ ಪುಕ್ಕಟೆ ನೋಡಿದರು. ಗಲ್ಲಾ ಇಳಿದಾಗ ಕೆಲವು ಕಂಪನಿಗಳು ದ್ವಂದ್ವಾರ್ಥದ ಮಾತಿಗೆ ಮೊರೆಹೋದವು. ಅದರಿಂದ ಮನೆಮಂದಿಯೆಲ್ಲ ಕೂಡಿ ಬರುವುದು ತಪ್ಪಿತು. ಆ ನಷ್ಟ ಇವತ್ತಿಗೂ ತುಂಬಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಜಾತ್ರೆಗಳ ಸುಗ್ಗಿ. ನಿಂತ ಥೇಟರುಗಳು ನಿಂತಲ್ಲೇ ಮುಚ್ಚಿದವು, ಕಲಾವಿದರು ದಿನಸಿ ಕಿಟ್ಟಿಗೆ ಕೈಯೊಡ್ಡಬೇಕಾಯಿತು.

ಇಷ್ಟೆಲ್ಲದರ ಜತೆಗೆ ಬಯಲೂ ಹೋಯಿತು. ಪೇಟೆ ಬೆಳೆದಂತೆ ಖಾಲಿ ಜಾಗಕ್ಕೆ ಬೆಲೆ ಬಂತು. ಕಂಪನಿ ನಿಲ್ಲುತ್ತಿದ್ದಂಥ ಜಾಗಗಳಲ್ಲಿ ಮಳಿಗೆ, ಕಲ್ಯಾಣ ಮಂಟಪ, ನಿವೇಶನಗಳು ಎದ್ದಿವೆ. ಗೋಡೆಯಿದ್ದ ಟಾಕೀಜು ಕೆಡವಿದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ, ಹಳೆಯ ಫೋಟೊ ಹಂಚಿಕೊಂಡು ಮರುಗುತ್ತಾರೆ. ತಗಡಿನ ಥೇಟರು ಮುಂದಿನ ವರ್ಷ ಬಾರದೇ ಹೋದರೆ ಅದು ಯಾರಿಗೂ ಸುದ್ದಿಯಲ್ಲ. ನಾಲ್ಕೂ ಪಟ್ಟಣಗಳ ಆಡಳಿತ ಇದನ್ನು ಗಮನಿಸಬೇಕು. ಒಂದೊಂದು ಊರಿನಲ್ಲಿ ಒಂದೊಂದು ಬಯಲನ್ನು, ನೀರು, ಕರೆಂಟು, ಶೌಚಾಲಯ ಸಮೇತ, ಕಂಪನಿಗಳ ಮೊಕ್ಕಾಮಿಗೆಂದೇ ಕಾದಿರಿಸುವುದು ದೊಡ್ಡ ಖರ್ಚಿನ ಬಾಬತ್ತಲ್ಲ.

ನೋಡುವ ಮನಸ್ಸಿದ್ದವರಿಗೆ ದಾರಿ ಇನ್ನೂ ಮುಚ್ಚಿಲ್ಲ. ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆ. ಬನದ ಹುಣ್ಣಿಮೆಗೆ ಬಾದಾಮಿ ಬಳಿಯ ಬನಶಂಕರಿ ಜಾತ್ರೆ. ಅಲ್ಲಿ ಹಲವು ಕಂಪನಿಗಳ ಥೇಟರುಗಳು ಒಂದರ ಪಕ್ಕ ಒಂದು ನಿಂತು ವಾರಗಟ್ಟಲೆ ಆಡುತ್ತವೆ. ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲೂ ಜಾತ್ರೆಯ ಮರುದಿನ ಊರವರದೇ ನಾಟಕ ಇರುತ್ತದೆ. ಬಾಡಿಗೆಯ ಡ್ರಾಮಾ ಸೀನ್ಸ್ ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತದೆ, ಪೇಟಿ ಮಾಸ್ತರರು ಎರಡು ತಿಂಗಳು ತಾಲೀಮು ಕೊಟ್ಟಿರುತ್ತಾರೆ, ಬೀಗರು ಮೈಕಿನಲ್ಲಿ ಹೆಸರು ಹೇಳಿಸಿ ಆಯೇರಿ ಮಾಡುತ್ತಾರೆ. ವಿಜಯಪುರದಿಂದ ಬನಶಂಕರಿಗೆ ಹೊರಡುವವರು ರಾತ್ರಿಯ ಎರಡನೆಯ ಆಟಕ್ಕೆ ಟಿಕೆಟ್ ತೆಗೆಸಿ ಮುಂದಿನ ಸಾಲಿನಲ್ಲಿ ಕೂರಬೇಕು. ಬೀದಿ ಪರದೆಯ ಹಿಂದೆ ಸಿಂಹಾಸನ ಎಳೆಯುವ ಸಪ್ಪಳ ಅಲ್ಲಿಗೆ ಚೆನ್ನಾಗಿ ಕೇಳುತ್ತದೆ.