ಬಿಟ್ಟು ಬಾರದ ಬೌವರ್ಸ್

1911ರ ಮಾರ್ಚ್ 1, ಅಂಟಾರ್ಕ್ಟಿಕಾ. ಬೆಳಗಿನ ಜಾವ ನಾಲ್ಕೂವರೆ. ಡೇರೆಯ ಹೊರಗೆ ಏನೋ ಸದ್ದು. ಕುದುರೆಯೊಂದು ಮೇವಿನ ಚೀಲಕ್ಕೆ ಬಾಯಿ ಹಾಕಿರಬೇಕು ಅಂದುಕೊಂಡ ಬೌವರ್ಸ್ ಬರೀ ಕಾಲುಚೀಲದಲ್ಲೇ ಹೊರಗೆ ನುಗ್ಗಿದ.

ರಾತ್ರಿ ಮಲಗುವಾಗ ಕಣ್ಣು ಹಾಯುವಷ್ಟು ದೂರ ಒಂದೇ ಹಾಸಾಗಿದ್ದ ಕಡಲಿನ ಮಂಜುಗಡ್ಡೆ ಚೂರುಚೂರಾಗಿತ್ತು. ಚೂರುಗಳ ನಡುವೆ ಕಪ್ಪು ನೀರು. ಡೇರೆ ನಿಂತಿದ್ದ ತುಂಡು ಅಲೆಯ ಮೇಲೆ ಏಳುತ್ತ ಬೀಳುತ್ತ ತೆರೆದ ಸಮುದ್ರದ ಕಡೆ ಸರಿಯುತ್ತಿತ್ತು. ಸಾಲಾಗಿ ಕಟ್ಟಿದ್ದ ನಾಲ್ಕು ಕುದುರೆಗಳಲ್ಲಿ ಮೂರೇ ಉಳಿದಿದ್ದವು. ನಾಲ್ಕನೆಯದು ನಿಂತಿದ್ದ ಜಾಗವೇ ಸೀಳಿಹೋಗಿತ್ತು.

ಡೇರೆಯೊಳಗೆ ಇನ್ನಿಬ್ಬರು. ಐರ್ಲೆಂಡಿನ ನಾವಿಕ ಟಾಮ್ ಕ್ರೀನ್, ಮತ್ತು ದೂರದ್ದು ಸರಿಯಾಗಿ ಕಾಣದ ಇಪ್ಪತ್ತೈದರ ತರುಣ ಚೆರ್ರಿ-ಗ್ಯಾರಾರ್ಡ್. ಮೂವರೂ ಎಷ್ಟು ದಣಿದಿದ್ದರೆಂದರೆ, ಮಲಗುವ ಮುಂಚೆ ಬೌವರ್ಸ್ ಕತ್ತಲಲ್ಲಿ ಕೋಕೋ ಅಂದುಕೊಂಡು ಕರಿ ಮಸಾಲೆ ಪುಡಿ ಕದಡಿ ಕೊಟ್ಟಿದ್ದ, ಕ್ರೀನ್ ಅದನ್ನು ಗುಟುಕಿಸಿ ಮುಗಿಸಿದ ಮೇಲೇ ರುಚಿ ಗೊತ್ತಾಗಿತ್ತು.

ಜೀವ ಉಳಿಸಿಕೊಳ್ಳಬೇಕಾದರೆ ಬರಿಗೈಲಿ ಓಡಬೇಕಿತ್ತು. ಬೌವರ್ಸ್ ಓಡಲಿಲ್ಲ. ಡೇರೆ ಕೀಳಿಸಿದ. ಒಲೆ, ಆಹಾರ, ಮಲಗುವ ಚೀಲ ಎಲ್ಲವನ್ನೂ ನಾಲ್ಕು ಜಾರುಬಂಡಿಗೆ ಹೇರಿಸಿದ. ಕುದುರೆಗಳಿಗೆ ಹಗ್ಗ ಬಿಗಿದ. ತಾವಿದ್ದ ತುಂಡು ತೇಲಿಬಂದು ಪಕ್ಕದ ತುಂಡಿಗೆ ತಾಗುವವರೆಗೆ ಉಸಿರು ಹಿಡಿದು ಕಾಯುವುದು, ತಾಗಿತೋ ಇಲ್ಲವೋ ಕುದುರೆಗಳನ್ನು ಹಾರಿಸುವುದು, ಹಿಂದೆಯೇ ಬಂಡಿಗಳನ್ನು ಎಳೆದುಕೊಳ್ಳುವುದು. ಮತ್ತೆ ಕಾಯುವುದು. ಸೀಳುಗಳಲ್ಲಿ ಕೊಲೆಗಾರ ತಿಮಿಂಗಿಲಗಳು ಬುಸುಗುಡುತ್ತ ತಲೆಯೆತ್ತಿ ನೋಡತೊಡಗಿದವು.

ಹೀಗೆ ಸುಮಾರು ಆರು ಗಂಟೆ. ಎದುರಿಗೆ ರಾಸ್ ಹಿಮಹಾಸಿನ ಗೋಡೆ ಕಂಡಿತು. ಆದರೆ ನಡುವೆ ಅಗಲವಾದ ಕಾಲುವೆ, ಅದರ ತುಂಬ ತಿಮಿಂಗಿಲ. ಕ್ರೀನ್ ಒಬ್ಬನೇ ತುಂಡಿನಿಂದ ತುಂಡಿಗೆ ಹಾರುತ್ತ ಗೋಡೆ ಹತ್ತಿ ಸುದ್ದಿ ಮುಟ್ಟಿಸಿದ. ತಂಡದ ನಾಯಕ ಸ್ಕಾಟ್ ಓಡಿಬಂದವನೇ, ಸಾಮಾನು ಹಾಳಾಗಲಿ, ನೀವು ಮೇಲೆ ಬನ್ನಿ ಎಂದ. ಬಂಡಿಯನ್ನೇ ಏಣಿ ಮಾಡಿಕೊಂಡು ಬಂದರು. ಬಂದ ಮೇಲೂ ಬೌವರ್ಸ್ ಹಟ ಹಿಡಿದು, ಒಪ್ಪಿಗೆ ಪಡೆದು, ಸಾಮಾನನ್ನು ಮೇಲೆಳೆಸಿದ. ಅಷ್ಟರಲ್ಲಿ ಕುದುರೆಗಳಿದ್ದ ತುಂಡು ದೂರ ಸರಿಯಿತು.

ಮರುದಿನ ಮತ್ತೆ ಹೋದರು. ಒಂದು ಕುದುರೆ ಹಾರಿ ಉಳಿಯಿತು. ಎರಡು ನೀರಿಗೆ ಬಿದ್ದವು, ಮೇಲೇಳಲಾಗಲಿಲ್ಲ. ತಿಮಿಂಗಿಲದ ಬಾಯಿಗೆ ಜೀವಂತ ಬಿಡಬಾರದೆಂದು ಒಂದನ್ನು ತಂಡದವನೇ ಆದ ಕ್ಯಾಪ್ಟನ್ ಓಟ್ಸ್ ಕೊಂದ. ಇನ್ನೊಂದನ್ನು ಬೌವರ್ಸ್ ತನ್ನ ಕೈಯಾರೆ ಗುದ್ದಲಿಯಿಂದ ಕೊಂದ.

ಬೊಂಬಾಯಿಯಿಂದ ಹೊರಟ ಹಕ್ಕಿ

ಈ ಹೆನ್ರಿ ರಾಬರ್ಟ್‌ಸನ್ ಬೌವರ್ಸ್ ನಮಗೆ ತೀರಾ ಪರಕೀಯನಲ್ಲ. ಬೊಂಬಾಯಿಯಲ್ಲಿ ಮುಖ್ಯ ನೆಲೆಯಿದ್ದ ರಾಯಲ್ ಇಂಡಿಯನ್ ಮರೀನ್‌ನ ಲೆಫ್ಟಿನೆಂಟ್ ಅವನು. ಇವತ್ತು ಕಾರವಾರದ ಕದಂಬ ನೆಲೆಗೆ ಬಂದು ನಿಲ್ಲುವ ಹಡಗುಗಳ ಪಡೆಗೆ ಅದೇ ಪೂರ್ವಜ: 1934ರಲ್ಲಿ ಅದು ರಾಯಲ್ ಇಂಡಿಯನ್ ನೇವಿ ಆಯಿತು, 1950ರಲ್ಲಿ ಭಾರತೀಯ ನೌಕಾಪಡೆ.

ಹುಟ್ಟಿದ್ದು 1883ರಲ್ಲಿ, ಸ್ಕಾಟ್ಲೆಂಡಿನ ಗ್ರೀನಾಕ್‌ನಲ್ಲಿ. ಹಡಗಿನ ಕಪ್ತಾನನಾಗಿದ್ದ ಅಪ್ಪ ಮಗ ಚಿಕ್ಕವನಿದ್ದಾಗಲೇ ರಂಗೂನಿನಲ್ಲಿ ತೀರಿಕೊಂಡ. ಮಗನೂ ಕಡಲಿಗೇ ಬಿದ್ದ. ವ್ಯಾಪಾರಿ ಹಡಗು, 1905ರಲ್ಲಿ ಇಂಡಿಯನ್ ಮರೀನ್, ಬರ್ಮಾದ ಐರಾವತಿ ನದಿಯ ಗಸ್ತು ದೋಣಿ, ಪರ್ಷಿಯನ್ ಕೊಲ್ಲಿಯಲ್ಲಿ ಬಂದೂಕು ಕಳ್ಳಸಾಗಣೆಗಾರರ ಬೆನ್ನಟ್ಟುವ ಕೆಲಸ. ಬಿಸಿಲು, ಬೆವರು, ಸೆಕೆಯಲ್ಲೇ ಬೆಂದವನು ದಕ್ಷಿಣ ಧ್ರುವಕ್ಕೆ ಹೊರಟ ಸ್ಕಾಟ್‌ನ ತಂಡ ಸೇರಿದ. ಸಂದರ್ಶನವಿಲ್ಲ, ಹಿಮದ ಅನುಭವವಿಲ್ಲ.

ಎತ್ತರ ಐದಡಿ ನಾಲ್ಕಂಗುಲ. ಕೆಂಪು ಕೂದಲು. ಕೊಕ್ಕಿನಂಥ ಮೂಗು, ಅದಕ್ಕೇ ‘ಬರ್ಡಿ’ ಎಂಬ ಅಡ್ಡಹೆಸರು. ‘ಟೆರಾ ನೋವಾ’ ಹಡಗಿಗೆ ಬಂದ ಹೊಸತರಲ್ಲೇ ಹತ್ತೊಂಬತ್ತು ಅಡಿ ಆಳದ ಸರಕುಕೋಣೆಗೆ ಬಿದ್ದ, ಕೆಳಗೆ ರಾಶಿ ಹಾಕಿದ್ದ ಕಬ್ಬಿಣದ ಗಟ್ಟಿಗಳ ಮೇಲೆ. ಏನೂ ಆಗದವನಂತೆ ಎದ್ದು ಬಂದ. ಸ್ಕಾಟ್ ಅವನಿಗೆ ಕೊಟ್ಟದ್ದು ಉಗ್ರಾಣದ ಕೆಲಸ. ಯಾವ ಪೆಟ್ಟಿಗೆ ಎಲ್ಲಿದೆ, ಅದರಲ್ಲಿ ಎಷ್ಟು ಬಿಸ್ಕತ್ತು, ಎಷ್ಟು ಎಣ್ಣೆ, ಎಲ್ಲ ಅವನ ನಾಲಿಗೆ ತುದಿಯಲ್ಲಿ. ಹಡಗಿನಲ್ಲೇ ಉಳಿಯಬೇಕಿದ್ದವನನ್ನು ಸ್ಕಾಟ್ ಧ್ರುವದ ನೆಲದ ತಂಡಕ್ಕೆ ಸೇರಿಸಿಕೊಂಡದ್ದು ಆ ಲೆಕ್ಕ ನೋಡಿಯೇ.

1910ರ ಡಿಸೆಂಬರ್ ಮೊದಲ ವಾರ. ನ್ಯೂಜಿಲೆಂಡ್ ಬಿಟ್ಟು ಕೆಲವೇ ದಿನ, ಬಿರುಗಾಳಿ ಮುರಕೊಂಡು ಬಿತ್ತು. ಕಲ್ಲಿದ್ದಲ ಪುಡಿ ಎಣ್ಣೆಯೊಡನೆ ಉಂಡೆಗಟ್ಟಿ ಪಂಪು ಕಟ್ಟಿಕೊಂಡಿತು. ಹಡಗಿನೊಳಗೆ ನೀರೇರಿ ಬಾಯ್ಲರಿನ ಬೆಂಕಿ ಆರಿಸಬೇಕಾಯಿತು. ಅಧಿಕಾರಿ, ವಿಜ್ಞಾನಿ ಎನ್ನದೆ ಎಲ್ಲರೂ ಬಕೆಟ್ಟು ಹಿಡಿದು ನೀರು ಹೊರಗೆ ಚೆಲ್ಲಿದರು. ಕೊನೆಗೆ ಎಂಜಿನ್ ಕೋಣೆಯ ಕಬ್ಬಿಣದ ಗೋಡೆಗೆ ತೂತು ಕೊರೆದರು. ಆ ತೂತಿನಲ್ಲಿ ತೆವಳಿ ಪಂಪಿನ ಬಾವಿಗಿಳಿದು ಕಸ ಬಾಚಿದವರಲ್ಲಿ ಬೌವರ್ಸ್ ಒಬ್ಬ. ಎರಡು ಕುದುರೆ, ಒಂದು ನಾಯಿ ಸತ್ತವು. ಹಡಗು ಉಳಿಯಿತು.

ಆ ಹಡಗು ಹೋಗುತ್ತಿದ್ದ ಖಂಡ ನಮ್ಮಿಂದ ಎಷ್ಟು ದೂರ? ಚಳ್ಳಕೆರೆ ಸೀಮೆಯ ಗೌರಸಮುದ್ರದ ಮಾರಮ್ಮನ ಗುಡಿಯ ಮುಂದೆ ನಿಂತು ನೇರ ದಕ್ಷಿಣಕ್ಕೊಂದು ಗೆರೆ ಎಳೆಯಿರಿ. ಕೇರಳದ ತುದಿಯ ಹತ್ತಿರ ಕಡಲಿಗಿಳಿಯುವ ಗೆರೆ ಎಂಟೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಬರೀ ನೀರು ದಾಟಿ ಅಂಟಾರ್ಕ್ಟಿಕಾದಲ್ಲಿ ನೆಲ ಮುಟ್ಟುತ್ತದೆ. ಹೆಚ್ಚುಕಡಿಮೆ ಅಲ್ಲಿಯೇ, ಲಾರ್ಸ್‌ಮನ್ ಗುಡ್ಡಗಳಲ್ಲಿ, 2012ರಿಂದ ನಮ್ಮ ದೇಶದ ‘ಭಾರತಿ’ ಸಂಶೋಧನಾ ಕೇಂದ್ರ ನಿಂತಿದೆ. ಮಳೆ ಅಪರೂಪವಾದ ಈ ಸೀಮೆಯಂತೆ ಅದೂ ಒಣ ನೆಲವೇ, ಲೋಕದ ಅತಿ ದೊಡ್ಡ ಮರುಭೂಮಿ. ಚಳ್ಳಕೆರೆಯ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಬೌವರ್ಸ್ ಇನ್ನು ಕಾಲಿಡಲಿದ್ದ ಚಳಿ ಅದಕ್ಕಿಂತ ನೂರು ಡಿಗ್ರಿ ಕೆಳಗೆ.

ಮೊಟ್ಟೆಗಾಗಿ ಮೂವರು

ಎಂಪರರ್ ಪೆಂಗ್ವಿನ್ ಮೊಟ್ಟೆಯಿಡುವುದು ನಟ್ಟನಡು ಚಳಿಗಾಲದಲ್ಲಿ. ಅದರೊಳಗಿನ ಭ್ರೂಣ ಸಿಕ್ಕರೆ ಸರೀಸೃಪಗಳಿಂದ ಹಕ್ಕಿ ಹೇಗೆ ಬಂತೆಂಬ ಗುಟ್ಟು ಬಿಚ್ಚಬಹುದೆಂದು ಡಾಕ್ಟರ್ ಎಡ್ವರ್ಡ್ ವಿಲ್ಸನ್ ನಂಬಿದ್ದ. 1911ರ ಜೂನ್ 27ರಂದು ವಿಲ್ಸನ್, ಬೌವರ್ಸ್, ಚೆರ್ರಿ-ಗ್ಯಾರಾರ್ಡ್ ಕೇಪ್ ಇವಾನ್ಸ್‌ನ ಗುಡಿಸಲು ಬಿಟ್ಟು ಹೊರಟರು. ಪೆಂಗ್ವಿನ್‌ಗಳಿದ್ದ ಕೇಪ್ ಕ್ರೋಜಿಯರ್ ನೂರಕ್ಕೂ ಹೆಚ್ಚು ಕಿಲೋಮೀಟರ್. ಸೂರ್ಯ ಹುಟ್ಟುವುದೇ ಇಲ್ಲ. ಎರಡು ಬಂಡಿ, 340 ಕಿಲೋ ಭಾರ, ಎಳೆಯಲು ತಾವೇ.

ಹಿಮ ಮರಳಾಗಿತ್ತು, ಬಂಡಿ ಜಾರಲೊಲ್ಲದು. ಒಂದು ಬಂಡಿ ಮುಂದೆ ಎಳೆದು, ಕತ್ತಲಲ್ಲಿ ಹೆಜ್ಜೆಗುರುತು ಹಿಡಿದು ಹಿಂದೆ ಬಂದು, ಇನ್ನೊಂದನ್ನು ಎಳೆಯಬೇಕು. ಒಂದು ಮೈಲಿ ಸಾಗಲು ಮೂರು ಮೈಲಿ ನಡಿಗೆ. ಚಳಿ ಸೊನ್ನೆಯ ಕೆಳಗೆ 60 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿಯಿತು. ಒಂದು ಬೆಳಗ್ಗೆ ಚೆರ್ರಿ ಡೇರೆಯಿಂದ ಹೊರಬಂದು ಸುತ್ತ ನೋಡಲು ತಲೆಯೆತ್ತಿದ, ಅಷ್ಟರಲ್ಲಿ ಬಟ್ಟೆ ಹೆಪ್ಪುಗಟ್ಟಿತು. ನಾಲ್ಕು ಗಂಟೆ ತಲೆ ಮೇಲೆತ್ತಿಕೊಂಡೇ ಬಂಡಿ ಎಳೆದ. ಆಮೇಲೆ ಮೂವರೂ ಹೊರಬಂದೊಡನೆ ಎಳೆಯುವ ಭಂಗಿಗೆ ಬಾಗಿ ನಿಲ್ಲುವುದನ್ನು ಕಲಿತರು. ನಡುಕಕ್ಕೆ ಚೆರ್ರಿಯ ಹಲ್ಲುಗಳೇ ಒಡೆದವು.

ಉಸಿರೂ ಬೆವರೂ ಮಲಗುವ ಚೀಲದಲ್ಲೇ ಮಂಜಾಗಿ ಕೂರುತ್ತಿತ್ತು. ಸೋನೆಯಲ್ಲಿ ನೆಂದ ಕಂಬಳಿ ಹೆಗಲಿಗೆ ಎಷ್ಟು ಭಾರವೆಂದು ಚಳ್ಳಕೆರೆ ಕಡೆಯ ಕುರಿಗಾಹಿಗೆ ಗೊತ್ತು. ಇಲ್ಲಿ ಆ ಭಾರ ದಿನದಿನಕ್ಕೂ ಏರುತ್ತಿತ್ತು, ಒಣಗುವ ಮಾತೇ ಇರಲಿಲ್ಲ. ಬೌವರ್ಸ್ ಮಾತ್ರ ಗೊರಕೆ ಹೊಡೆದು ಮಲಗುತ್ತಿದ್ದ. ತನ್ನ ಚೀಲಕ್ಕೆಂದು ತಂದ ಪುಕ್ಕದ ಒಳಪದರ ಬಳಸದೆ ಇಟ್ಟುಕೊಂಡಿದ್ದ, ನಡುಗುತ್ತಿದ್ದ ಚೆರ್ರಿಗೆ ಅದನ್ನೇ ಕೊಟ್ಟ.

ಹತ್ತೊಂಬತ್ತು ದಿನಕ್ಕೆ ಕ್ರೋಜಿಯರ್ ಮುಟ್ಟಿದರು. ಟೆರರ್ ಬೆಟ್ಟದ ಇಳಿಜಾರಿನಲ್ಲಿ ಕಲ್ಲುಗೋಡೆ ಕಟ್ಟಿ ಕ್ಯಾನ್ವಾಸ್ ಮಾಡು ಹೊದಿಸಿದರು. ಮಂಜಿನ ಕಮರಿಗಳಲ್ಲಿ ತೆವಳಿ ಪೆಂಗ್ವಿನ್‌ಗಳ ಬಳಿ ಹೋಗಿ ಐದು ಮೊಟ್ಟೆ ತಂದರು. ಎರಡು ದಾರಿಯಲ್ಲೇ ಒಡೆದವು.

ಆಮೇಲೆ ಗಾಳಿ ಎದ್ದಿತು. ಮೊದಲು ಹೊರಗಿದ್ದ ಡೇರೆ ಹಾರಿಹೋಯಿತು. ಡೇರೆಯಿಲ್ಲದೆ ಹಿಂತಿರುಗುವುದೆಂದರೆ ಸಾವು. ಜುಲೈ 23, ವಿಲ್ಸನ್‌ನ ಹುಟ್ಟುಹಬ್ಬ. ತಲೆಯ ಮೇಲಿನ ಕ್ಯಾನ್ವಾಸ್ ಪಟಪಟ ಬಡಿದು ಚಿಂದಿಯಾಗಿ ಗಾಳಿಗೆ ಸೇರಿತು. ಮೂವರೂ ಚೀಲದೊಳಗೆ ಮುದುರಿ ಬಿದ್ದರು. ಮೇಲೆ ಹಿಮ ಕವುಚಿಕೊಳ್ಳುತ್ತಿತ್ತು. ಊಟವಿಲ್ಲ, ಮಾತು ಕೇಳಿಸದು. ಭಜನೆ ಹಾಡಿದರು. ಬೌವರ್ಸ್ ಆಗಾಗ ವಿಲ್ಸನ್‌ನನ್ನು ತಟ್ಟಿ ನೋಡುತ್ತಿದ್ದ, ಅವನು ಅಲುಗಿದರೆ ಬದುಕಿದ್ದಾನೆಂದು ಲೆಕ್ಕ.

ಗಾಳಿ ಇಳಿದ ಮೇಲೆ ಮಬ್ಬಿನಲ್ಲಿ ಹುಡುಕಲು ಹೊರಟರು. ಕೆಳಗಿನಿಂದ ಕೂಗು ಕೇಳಿಸಿತು. ಇಳಿಜಾರಿನ ಬುಡದಲ್ಲಿ, ಅರ್ಧ ಮೈಲಿ ದೂರದಲ್ಲಿ, ಬೌವರ್ಸ್ ನಿಂತಿದ್ದ. ಪಕ್ಕದಲ್ಲಿ ಡೇರೆ! ಕೊಡೆ ಮಡಚಿದಂತೆ ಮುಚ್ಚಿಕೊಂಡು ಬಿದ್ದದ್ದರಿಂದ ಹರಿದಿರಲಿಲ್ಲ. ಅವತ್ತಿನ ರಾತ್ರಿ ಅವನು ಡೇರೆಯ ತುದಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಮೈಗೇ ಬಿಗಿದುಕೊಂಡು ಮಲಗಿದ. ಹಾರಿದರೆ ತನ್ನನ್ನೂ ಹೊತ್ತೇ ಹಾರಲಿ!

ಮರಳುವ ದಾರಿಯಲ್ಲಿ ಹಿಮದ ಬಿರುಕೊಂದು ಅವನ ಕಾಲಡಿಯೇ ಬಾಯ್ದೆರೆಯಿತು. ಸೊಂಟದ ಪಟ್ಟಿಯಲ್ಲಿ ನೇತಾಡುತ್ತಲೇ ಮೇಲಿನವರಿಗೆ ಉಪಾಯ ಹೇಳಿಕೊಟ್ಟ: ಹಗ್ಗದ ತುದಿಗೆ ಕುಣಿಕೆ ಹಾಕಿ ಇಳಿಬಿಡಿ, ಕಾಲಿಟ್ಟುಕೊಳ್ಳುತ್ತೇನೆ. ಹಾಗೇ ಇಂಚಿಂಚು ಮೇಲೆ ಬಂದ. ಆಗಸ್ಟ್ 1ರಂದು ಗುಡಿಸಲು ಸೇರಿದಾಗ ಅವರ ಮೈಮೇಲಿನ ಹೆಪ್ಪುಗಟ್ಟಿದ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕಾಯಿತು. ಮೊಟ್ಟೆ ಮೂರೂ ಉಳಿದಿದ್ದವು.

ಲೆಕ್ಕ ತಪ್ಪಿದ್ದು

ಮೂರೇ ತಿಂಗಳಿಗೆ, ನವೆಂಬರ್ 1ರಂದು, ಧ್ರುವದ ಯಾತ್ರೆ ಹೊರಟಿತು. ಆಹಾರ, ಎಣ್ಣೆ, ಡೇರೆ ಎಲ್ಲವನ್ನೂ ನಾಲ್ಕು ನಾಲ್ಕು ಜನಕ್ಕೆ ಅಳೆದು ಕಟ್ಟಲಾಗಿತ್ತು. 1912ರ ಜನವರಿ 3ರಂದು ಸ್ಕಾಟ್ ಕೊನೆಯ ಗಳಿಗೆಯಲ್ಲಿ ಐದನೆಯವನನ್ನು ಸೇರಿಸಿಕೊಂಡ. ಆ ಐದನೆಯವನು ಬೌವರ್ಸ್. ನಾಲ್ವರ ಗಂಟನ್ನು ಈಗ ಐವರಿಗೆ ಬಿಚ್ಚಿ ಹಂಚಬೇಕು, ಅಡುಗೆಗೆ ಹೊತ್ತು ಹೆಚ್ಚು, ಎಣ್ಣೆ ಹೆಚ್ಚು, ಡೇರೆಯಲ್ಲಿ ಜಾಗ ಕಡಿಮೆ. ಚಿಟಿಕೆಯಷ್ಟೂ ವ್ಯತ್ಯಾಸ ಬಾರದಂತೆ ಉಗ್ರಾಣ ನಡೆಸಿದವನನ್ನೇ ಲೆಕ್ಕ ಮೀರಿ ಕರೆದೊಯ್ದರು.

ಅವನ ಸ್ಕೀಗಳು ನಾಲ್ಕು ದಿನ ಹಿಂದೆಯೇ ಬಿಟ್ಟುಬಂದ ಸಾಮಾನಿನಲ್ಲಿದ್ದವು. ನಾಲ್ವರು ಜಾರುತ್ತಿದ್ದರೆ ಈ ಗಿಡ್ಡ ಕಾಲಿನವನು ಹಿಮದಲ್ಲಿ ಹೂತುಹೂತು ನಡೆದ. ಧ್ರುವ ಮುಟ್ಟಿ, ಮರಳಿ ಆ ಸ್ಕೀ ಸಿಗುವವರೆಗೂ, ಜನವರಿ 31ರ ತನಕ, ಕಾಲ್ನಡಿಗೆಯೇ. ರಾತ್ರಿ ಉಳಿದವರು ಮಲಗಿದರೆ ಇವನು ಉಪಕರಣ ಹಿಡಿದು ತಾವೆಲ್ಲಿದ್ದೇವೆಂದು ಗುಣಿಸುತ್ತಿದ್ದ.

ಜನವರಿ 16ರ ಮಧ್ಯಾಹ್ನ ದೂರದಲ್ಲೊಂದು ಚುಕ್ಕೆ ಮೊದಲು ಕಂಡದ್ದೂ ಅವನಿಗೇ. ಹತ್ತಿರ ಹೋದರೆ ಕಪ್ಪು ಬಾವುಟ. ನಾರ್ವೆಯ ಅಮುಂಡ್ಸೆನ್ ಡಿಸೆಂಬರ್ 14ಕ್ಕೇ ಧ್ರುವ ಮುಟ್ಟಿದ್ದ. ಸೋತವರ ಫೋಟೋ ಲೋಕಪ್ರಸಿದ್ಧ: ಐವರೂ ಗಾಳಿಗೆ ಕಪ್ಪಿಟ್ಟ ಮುಖಗಳು. ಬೌವರ್ಸ್ ಕೂತು ಕ್ಯಾಮೆರಾದ ದಾರ ಎಳೆಯುತ್ತಿದ್ದಾನೆ.

ಹಿಂದಿರುಗುವುದು 1300 ಕಿಲೋಮೀಟರ್. ಫೆಬ್ರುವರಿ 17ಕ್ಕೆ ಐವರಲ್ಲೊಬ್ಬನಾದ ಎಡ್ಗರ್ ಇವಾನ್ಸ್ ಕುಸಿದು ಸತ್ತ. ದಾರಿಯಲ್ಲಿ ಹೂತಿಟ್ಟಿದ್ದ ಡಬ್ಬಿಗಳಲ್ಲಿ ಎಣ್ಣೆ ಆವಿಯಾಗಿ ಇಳಿದಿತ್ತು. ಮಾರ್ಚ್ ಮಧ್ಯದಲ್ಲಿ, ಕಾಲು ಕೊಳೆತ ಓಟ್ಸ್ ಉಳಿದವರಿಗೆ ಹೊರೆಯಾಗಬಾರದೆಂದು ಬಿರುಗಾಳಿಗೆ ನಡೆದುಹೋದ. ಉಳಿದ ಮೂವರ ಕೊನೆಯ ಡೇರೆ ಬಿದ್ದಲ್ಲಿಂದ ಒಂದು ಟನ್ ಸಾಮಾನಿದ್ದ ನೆಲೆಗೆ ಸುಮಾರು 20 ಕಿಲೋಮೀಟರ್. ಸ್ಕಾಟ್‌ನ ಕಾಲು ಹೋಗಿತ್ತು. ಬೌವರ್ಸ್, ವಿಲ್ಸನ್ ಇಬ್ಬರೇ ಹೋಗಿ ಎಣ್ಣೆ ತರುವುದೆಂದು ಗೊತ್ತುಮಾಡಿಕೊಂಡರು. ಗಾಳಿ ಹೊರಡಗೊಡಲಿಲ್ಲ. ಬೌವರ್ಸ್ ತಾಯಿಗೆ ಕಾಗದ ಬರೆದ. ಸ್ಕಾಟ್‌ನ ದಿನಚರಿಯ ಕೊನೆಯ ಪುಟ ಮಾರ್ಚ್ 29ರದ್ದು. ಬೌವರ್ಸ್‌ಗೆ ಇಪ್ಪತ್ತೆಂಟು.

ಬಂಡಿಯಲ್ಲಿದ್ದದ್ದು

ಹುಡುಕಲು ಹೊರಟ ತಂಡದ ಸಾಮಾನು ಎಳೆದದ್ದು ಭಾರತದಿಂದ ಬಂದ ಏಳು ಹೇಸರಗತ್ತೆಗಳು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ, ಅಬ್ದುಲ್ಲಾ, ಪ್ಯಾರಿ, ಖಾನ್ ಸಾಹಿಬ್ ಎಂದು ಅವುಗಳ ಹೆಸರು. 1912ರ ನವೆಂಬರ್ 12ರಂದು ಹಿಮದಲ್ಲಿ ಹುದುಗಿದ್ದ ಡೇರೆ ಸಿಕ್ಕಿತು. ಹತ್ತಿರದಲ್ಲೇ ಬಂಡಿ. ಬಂಡಿಯಲ್ಲಿ 16 ಕಿಲೋ ಕಲ್ಲು.

ಮೊಟ್ಟೆಗಳಿಂದ ವಿಜ್ಞಾನಕ್ಕೆ ಹೆಚ್ಚೇನೂ ಸಿಗಲಿಲ್ಲವೆಂದು 1934ರ ವರದಿ ಹೇಳಿತು. ಕಲ್ಲುಗಳ ಕಥೆ ಬೇರೆ. ಬಿಯರ್ಡ್‌ಮೋರ್ ಹಿಮನದಿಯ ಪಕ್ಕದ ಬಂಡೆಗಳಿಂದ ಫೆಬ್ರುವರಿಯಲ್ಲಿ ಆಯ್ದು, ಕೊನೆಯವರೆಗೆ ಎಳೆದು ತಂದ ಆ ಕಲ್ಲುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಮರದ ಎಲೆಗಳ ಅಚ್ಚಿತ್ತು. ಅದೇ ಎಲೆ ಭಾರತದ ಕಲ್ಲಿದ್ದಲ ಪದರಗಳಲ್ಲೂ ಸಿಗುತ್ತದೆ. ಭಾರತ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ ಒಮ್ಮೆ ಗೊಂಡ್ವಾನಾ ಎಂಬ ಒಂದೇ ನೆಲವಾಗಿದ್ದವೆಂಬುದಕ್ಕೆ ಅದು ಬಲವಾದ ಸಾಕ್ಷಿಯಾಯಿತು. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಸಿಂಗರೇಣಿ ಕಲ್ಲಿದ್ದಲು ಆ ಕಾಲದ ಕಾಡಿನದ್ದೇ.

ಆ ಕಲ್ಲು ಬಿಸಾಡಿದ್ದರೆ ಬದುಕುತ್ತಿದ್ದರು ಎನ್ನುವವರುಂಟು. ನನಗೆ ಹಾಗನ್ನಿಸುವುದಿಲ್ಲ. ಅವರನ್ನು ಕೊಂದದ್ದು ಹಸಿವು, ಆರಿದ ಒಲೆ, ಕಾಲ ಮೀರಿದ ಚಳಿ. ಐವರಿಗೆ ಸಾಲದ ನಾಲ್ವರ ಗಂಟು. ಮಂಜು ಒಡೆದಾಗ ಬಂಡಿ ಬಿಡದವನು, ಗಾಳಿ ಒಯ್ದ ಡೇರೆಯನ್ನು ಹುಡುಕಿ ತಂದವನು ಈ ಕಲ್ಲುಗಳನ್ನು ದಾರಿಯಲ್ಲಿ ಬಿಟ್ಟುಬರುವುದು ಸಾಧ್ಯವಿರಲಿಲ್ಲ. ಮೂವರು ಮಾಡಿದ ಆಯ್ಕೆ ಅದು, ಅವರಲ್ಲೊಬ್ಬ ಉಗ್ರಾಣಿ. ಊರಿಗೆ ಮುಟ್ಟಿಸಬೇಕಾದ ಸರಕೆಂದು ಅವರು ಕೊನೆಗೆ ಉಳಿಸಿಕೊಂಡದ್ದು ಆ ಕಲ್ಲುಗಳನ್ನು. ಅವು ಮುಟ್ಟಿದವು.