ಹಳೆಯ ಲಿಯೋನಿನ ಪುಟ್ಟ ಊಟದ ಮನೆಗಳು

ಫ್ರಾನ್ಸ್ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಪ್ಯಾರಿಸ್ ಮತ್ತು ಐಫೆಲ್ ಗೋಪುರ. ಆದರೆ ಊಟದ ಮಾತು ಬಂದಾಗ ಫ್ರೆಂಚರಲ್ಲಿ ಅನೇಕರು ಬೆರಳು ತೋರಿಸುವುದು ಪ್ಯಾರಿಸ್ಸಿನಿಂದ ವೇಗದ ರೈಲಿನಲ್ಲಿ ಎರಡು ಗಂಟೆ ದೂರದ ಲಿಯೋನ್ ನಗರದ ಕಡೆಗೆ. ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಕೂಡುವ ಜಾಗದಲ್ಲಿರುವ ಈ ಊರನ್ನು ರೋಮನ್ನರು ಕ್ರಿ.ಪೂ. 43ರಲ್ಲಿ ಕಟ್ಟಿದರು. ರೇಷ್ಮೆಗೆ ಹೆಸರಾದ ಈ ಊರು 1930ರ ದಶಕದ ಹೊತ್ತಿಗೆ ಅಡುಗೆಯ ರಾಜಧಾನಿ ಎಂಬ ಬಿರುದನ್ನೂ ಪಡೆಯಿತು. ವಿಚಿತ್ರವೆಂದರೆ, ಈ ಬಿರುದಿನ ಹಿಂದೆ ಇರುವುದು ಅರಮನೆಯ ಅಡುಗೆಗಿಂತ ಹೆಚ್ಚಾಗಿ ಕೂಲಿಕಾರರ ಅಡುಗೆ.

ಸೋನ್ ನದಿಯ ಬಲದಂಡೆಯಲ್ಲಿ, ಫೂರ್ವಿಯೇರ್ ಗುಡ್ಡದ ಬುಡಕ್ಕೆ ಅಂಟಿಕೊಂಡಂತೆ ಹಳೆಯ ಲಿಯೋನ್ ಇದೆ. ಸ್ಯಾಂ ಪಾಲ್, ಸ್ಯಾಂ ಜಾನ್, ಸ್ಯಾಂ ಜಾರ್ಜ್ ಎಂಬ ಮೂರು ಕೇರಿಗಳು ಸೇರಿ ಈ ಬಡಾವಣೆ ಆಗಿದೆ. ಇಲ್ಲಿನ ಮನೆಗಳಲ್ಲಿ ಬಹಳಷ್ಟು 15 ಮತ್ತು 16ನೇ ಶತಮಾನದವು. ಇಟಲಿಯಿಂದ ಬಂದ ವರ್ತಕರು, ಲೇವಾದೇವಿಗಾರರು ಕಟ್ಟಿಸಿದ ಮನೆಗಳಿಗೆ ಸುತ್ತು ಮೆಟ್ಟಿಲು, ಒಳ ಅಂಗಳ, ಕಲ್ಲಿನ ಕಮಾನುಗಳಿವೆ. ಒಂದು ಬೀದಿಯ ಬಾಗಿಲಲ್ಲಿ ಹೊಕ್ಕು, ಮನೆಗಳ ಹೊಟ್ಟೆಯೊಳಗೇ ನಡೆದು, ಇನ್ನೊಂದು ಬೀದಿಯಲ್ಲಿ ಹೊರಬರುವ ಒಳದಾರಿಗಳೂ ಉಂಟು. ಇವಕ್ಕೆ ‘ತ್ರಾಬೂಲ್’ ಎಂದು ಹೆಸರು. ಸ್ಯಾಂ ಜಾನ್ ಬೀದಿಯ 54ನೇ ನಂಬರಿನ ಮನೆಯಲ್ಲಿ ಹೊಕ್ಕವರು ಹಿಂದಿನ ಬಫ್ ಬೀದಿಯ 27ನೇ ನಂಬರಿನಲ್ಲಿ ಹೊರಬರುತ್ತಾರೆ. ಇಂಥ ಕೇರಿಯಲ್ಲಿ ಒಂದು ಒಳ್ಳೆಯ ಊಟದ ಮನೆಯನ್ನು ಹುಡುಕುವುದು ಹೇಗೆ?

ರಸ್ತೆಯಿಂದ ಉಳಿದ ಕೇರಿ

ಈ ಕೇರಿ ಇಂದು ನಿಂತಿರುವುದೇ ಒಂದು ಭಾಗ್ಯ. ಎರಡನೇ ಮಹಾಯುದ್ಧದ ನಂತರದ ವರ್ಷಗಳಲ್ಲಿ ಇದು ಗಾಳಿ ಬೆಳಕಿಲ್ಲದ, ಬಡವರು ಕಿಕ್ಕಿರಿದ ಕೊಳಕು ಪ್ರದೇಶವೆಂದು ಹೆಸರಾಗಿತ್ತು. ಆಗಿನ ಮೇಯರ್ ಲೂಯಿ ಪ್ರಾದೆಲ್ ಅವರ ಆಡಳಿತ ಕೇರಿಯ ನಡುವೆಯೇ ಅಗಲವಾದ ರಸ್ತೆಯೊಂದನ್ನು ತೆಗೆಯಲು ಯೋಚಿಸಿತ್ತು. ನಿವಾಸಿಗಳು ಮತ್ತು ಇತಿಹಾಸಪ್ರಿಯರು ಸಂಘ ಕಟ್ಟಿಕೊಂಡು ವಿರೋಧಿಸಿದರು. 1962ರಲ್ಲಿ ಸಂಸ್ಕೃತಿ ಸಚಿವ ಆಂದ್ರೆ ಮಾಲ್ರೋ ಅವರ ಹೆಸರಿನ ಕಾನೂನು ಬಂತು. ಹಳೆಯ ಕಟ್ಟಡವೊಂದನ್ನೇ ಅಲ್ಲ, ಇಡೀ ಬಡಾವಣೆಯನ್ನೇ ರಕ್ಷಿಸಲು ಅದು ಅವಕಾಶ ಕೊಟ್ಟಿತು. 1964ರಲ್ಲಿ ಹಳೆಯ ಲಿಯೋನ್ ಫ್ರಾನ್ಸಿನ ಮೊಟ್ಟಮೊದಲ ‘ರಕ್ಷಿತ ವಲಯ’ವಾಯಿತು. 1998ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಕಲ್ಲು ಉಳಿಯಿತು, ಪ್ರವಾಸಿಗರು ಬಂದರು. ಅವರ ಹಿಂದೆಯೇ ಹೋಟೆಲುಗಳೂ ಬಂದವು. ಇಂದು ಸ್ಯಾಂ ಜಾನ್ ಬೀದಿಯ ಉದ್ದಕ್ಕೂ ಬಾಗಿಲು ಬಾಗಿಲಿಗೆ ಊಟದ ಬೋರ್ಡು. ಇವುಗಳಲ್ಲಿ ಮನೆಯ ರುಚಿ ಕೊಡುವವೂ ಇವೆ, ಕಾರ್ಖಾನೆಯಿಂದ ಬಂದ ಪೊಟ್ಟಣವನ್ನು ಬಿಸಿ ಮಾಡಿ ಬಡಿಸುವವೂ ಇವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಕಷ್ಟವಿರುವುದು ಅಲ್ಲೇ.

ನೇಕಾರರ ಊಟ, ತಾಯಂದಿರ ಕೈ

ಲಿಯೋನಿನ ಪುಟ್ಟ ಊಟದ ಮನೆಗೆ ‘ಬೂಶೋನ್’ ಎನ್ನುತ್ತಾರೆ. ಇಂದಿನ ಫ್ರೆಂಚಿನಲ್ಲಿ ಈ ಪದಕ್ಕೆ ಬಾಟಲಿಯ ಬಿರಡೆ ಎಂದು ಅರ್ಥ. ಆದರೆ ಹಿಂದಿನ ಕಾಲದಲ್ಲಿ ಪಾನಗೃಹಗಳ ಬಾಗಿಲಿಗೆ ಗುರುತಾಗಿ ತೂಗುಹಾಕುತ್ತಿದ್ದ ಹುಲ್ಲಿನ ಕಟ್ಟಿನಿಂದ ಈ ಹೆಸರು ಬಂತೆಂದು ಹೇಳುವವರೇ ಹೆಚ್ಚು. ಅಲ್ಲಿ ಉಣ್ಣಲು ಬರುತ್ತಿದ್ದವರು ರೇಷ್ಮೆ ನೇಕಾರರು. 1536ರಲ್ಲಿ ದೊರೆ ಒಂದನೇ ಫ್ರಾನ್ಸಿಸ್ ಲಿಯೋನಿನ ರೇಷ್ಮೆ ನೇಯ್ಗೆಗೆ ವಿಶೇಷ ಸವಲತ್ತು ಕೊಟ್ಟ ಮೇಲೆ ಮಗ್ಗಗಳು ಬೆಳೆದವು. 19ನೇ ಶತಮಾನದಲ್ಲಿ ನೇಕಾರರು ಹಳೆಯ ಕೇರಿಯ ತಗ್ಗು ಸೂರುಗಳನ್ನು ಬಿಟ್ಟು ಕ್ರ್ವಾ ರೂಸ್ ಗುಡ್ಡದ ಮೇಲೆ ಎತ್ತರದ ಸೂರಿನ ಮನೆಗಳಿಗೆ ಹೋದರು. ಕಾರಣ ಜಕಾರ್ಡ್ ಮಗ್ಗ. 1804ರಲ್ಲಿ ಲಿಯೋನಿನ ಜೋಸೆಫ್ ಮರೀ ಜಕಾರ್ಡ್ ರೂಪಿಸಿದ ಈ ಮಗ್ಗ ತೂತು ಹೊಡೆದ ರಟ್ಟುಗಳ ಸಹಾಯದಿಂದ ಚಿತ್ತಾರ ನೇಯುತ್ತಿತ್ತು. ದೊಡ್ಡಬಳ್ಳಾಪುರದ ನೇಕಾರರ ಬಾಯಲ್ಲಿ ಇಂದಿಗೂ ಇರುವ ‘ಜಕಾರ್ಡ್’ ಈತನ ಹೆಸರೇ. ತೂತು ಉಂಟು ಅಥವಾ ಇಲ್ಲ ಎಂಬ ಅದೇ ಉಪಾಯ ಮುಂದೆ ಗಣಕಯಂತ್ರದ ಹಾದಿಯನ್ನೂ ತೆರೆಯಿತು.

ಬೆಳಗಾಗುವ ಮುನ್ನವೇ ಮಗ್ಗಕ್ಕೆ ಕೂರುತ್ತಿದ್ದ ನೇಕಾರರಿಗೆ ಒಂಬತ್ತು ಗಂಟೆಯ ಹೊತ್ತಿಗೆ ಗಟ್ಟಿಯಾದ ಊಟವೇ ಬೇಕಿತ್ತು. ಒಳ್ಳೆಯ ಮಾಂಸ ಶ್ರೀಮಂತರ ಮನೆಗೆ ಹೋಗುತ್ತಿತ್ತು. ಉಳಿದ ಬೋಟಿ, ಕಾಲು, ಲಿವರ್ ಬಡವರ ಪಾಲಿಗೆ. ಬೋಟಿ, ಕಾಲಿನಂಥ ಭಾಗಗಳು ಗಡುಸಾಗಿರುವುದು ಕೊಲಾಜೆನ್ ಎಂಬ ಪ್ರೋಟೀನಿನಿಂದ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದಾಗ ಅದು ಜೆಲಾಟಿನ್ ಆಗಿ ಮಾರ್ಪಟ್ಟು ಮೆತ್ತಗಾಗುತ್ತದೆ, ಸಾರು ಮಂದವಾಗುತ್ತದೆ. ಹಣವಿಲ್ಲದವರು ಹಣದ ಬದಲು ಸಮಯವನ್ನು ಪಾತ್ರೆಗೆ ಹಾಕಿದರು ಎನ್ನಬಹುದು. ಬೂಶೋನ್ ಅಡುಗೆಯ ಗುಟ್ಟು ಇಷ್ಟೇ.

ಈ ಅಡುಗೆಯನ್ನು ಲೋಕಕ್ಕೆ ತೋರಿಸಿದವರು ಹೆಂಗಸರು. ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದ ಅನೇಕ ಮಹಿಳೆಯರು ಆ ಕೆಲಸ ಬಿಟ್ಟು ಸ್ವಂತ ಊಟದ ಮನೆ ತೆರೆದರು. ಜನ ಅವರನ್ನು ‘ಮೇರ್’, ಅಂದರೆ ತಾಯಿ ಎಂದೇ ಕರೆದರು. ಇವರಲ್ಲಿ ಹೆಸರಾಂತವರು ಯೂಜೆನಿ ಬ್ರಾಜಿಯೆ. ಹಳ್ಳಿಯ ಬಡ ಮನೆಯಲ್ಲಿ 1895ರಲ್ಲಿ ಹುಟ್ಟಿ, ಮನೆಗೆಲಸಕ್ಕೆಂದು ಲಿಯೋನಿಗೆ ಬಂದ ಈಕೆ 1921ರಲ್ಲಿ ಸಣ್ಣದಾಗಿ ಊಟದ ಮನೆ ಆರಂಭಿಸಿದರು. 1933ರಲ್ಲಿ ಮಿಶೆಲಿನ್ ಕೈಪಿಡಿ ಆಕೆಯ ಎರಡು ಊಟದ ಮನೆಗಳಿಗೂ ಮೂರು ಮೂರು ನಕ್ಷತ್ರ ಕೊಟ್ಟಿತು. ಮುಂದೆ ಜಗತ್ಪ್ರಸಿದ್ಧರಾದ ಪಾಲ್ ಬೊಕ್ಯೂಸ್ (1926-2018) ಹುಡುಗನಾಗಿ ಕೆಲಸ ಕಲಿತದ್ದು ಈಕೆಯ ಅಡುಗೆಮನೆಯಲ್ಲೇ.

ಗುರುತು ಹಿಡಿಯುವ ಬಗೆ

ಸಣ್ಣ ಊಟದ ಮನೆಗಳ ಹೆಸರು, ಒಡೆಯರು, ಅಡುಗೆಯವರು ಬದಲಾಗುತ್ತಲೇ ಇರುತ್ತಾರೆ. ಆದ್ದರಿಂದ ವಿಳಾಸದ ಪಟ್ಟಿಗಿಂತ ಗುರುತು ಹಿಡಿಯುವ ವಿದ್ಯೆಯೇ ಮೇಲು. ಫ್ರಾನ್ಸಿನಲ್ಲಿ ಪ್ರತಿ ಊಟದ ಮನೆಯೂ ತಿಂಡಿಪಟ್ಟಿಯನ್ನು ಬೆಲೆಯೊಡನೆ ಬಾಗಿಲ ಹೊರಗೆ ಹಾಕಲೇಬೇಕು. ಒಳಗೆ ಹೋಗುವ ಮುನ್ನ ನಿಂತು ಓದಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮೊದಲು ಪಟ್ಟಿಯ ಉದ್ದ ನೋಡಬೇಕು. ಮೂವತ್ತು ಜನ ಕೂರುವ ಜಾಗ, ಅಡುಗೆಮನೆಯಲ್ಲಿ ಇಬ್ಬರು. ಪಟ್ಟಿಯಲ್ಲಿ ಮಾತ್ರ ಅರವತ್ತು ಬಗೆ! ಅಷ್ಟೂ ಬಗೆಗೆ ಬೇಕಾದ ತಾಜಾ ಸಾಮಾನು ಅಂದಂದೇ ತಂದು, ಹೆಚ್ಚಿ, ಬೇಯಿಸಲು ಇಬ್ಬರಿಂದ ಆದೀತೆ? ಲೆಕ್ಕ ಮಾಡಿದರೆ ಉತ್ತರ ಫ್ರೀಜರಿನೊಳಗೆ ಸಿಗುತ್ತದೆ. ನಾಲ್ಕೈದು ಬಗೆಯನ್ನು ಸೀಮೆಸುಣ್ಣದಲ್ಲಿ ಕರಿಹಲಗೆಯ ಮೇಲೆ ಬರೆದಿದ್ದರೆ, ಅದೂ ದಿನಕ್ಕೊಮ್ಮೆ ಬದಲಾಗುತ್ತಿದ್ದರೆ, ಅಲ್ಲಿ ಯಾರೋ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿದ್ದಾರೆ ಎಂದು ಊಹಿಸಬಹುದು. ಸೋನ್ ನದಿ ದಾಟಿದರೆ ಎದುರು ದಂಡೆಯಲ್ಲೇ ಸ್ಯಾಂ ಆಂತ್ವಾನ್ ಮಾರುಕಟ್ಟೆ ಇದೆ. ಸೋಮವಾರ ಬಿಟ್ಟು ಉಳಿದ ದಿನ ಬೆಳಿಗ್ಗೆ ತರಕಾರಿ, ಗಿಣ್ಣು, ಹಣ್ಣುಗಳ ಸಾಲು ಅಲ್ಲಿ ಕೂರುತ್ತದೆ. ಅಲ್ಲಿ ಕಂಡ ತರಕಾರಿ ಕರಿಹಲಗೆಯ ಮೇಲೂ ಇದೆಯೇ ಎಂದು ಹೋಲಿಸಿ ನೋಡಬಹುದು.

ಎರಡನೆಯದು ಬಾಗಿಲು ಹಾಕುವ ಹೊತ್ತು. ಸಣ್ಣ ಅಡುಗೆಮನೆ ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 2ರವರೆಗೆ, ಮತ್ತೆ ಸಂಜೆ ಏಳು ಗಂಟೆಯ ನಂತರ ನಡೆಯುತ್ತದೆ. ವಾರಕ್ಕೆ ಒಂದೆರಡು ದಿನ ರಜೆ. ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ಎಲ್ಲವನ್ನೂ ಬಡಿಸುವ ಕಡೆ ಅನುಮಾನಕ್ಕೆ ಎಡೆಯುಂಟು. ಮೂರನೆಯದು ಬಾಗಿಲಲ್ಲಿ ನಿಂತು ಕರೆಯುವವರು. ತುಂಬಿದ ಮನೆಗೆ ಕೂಗುವವರ ಅಗತ್ಯವಿಲ್ಲ. ನಾಲ್ಕನೆಯದು ‘ಫೆ ಮೆಜೋನ್’ ಎಂಬ ಚಿಹ್ನೆ: ಮನೆಯ ಸೂರನ್ನೇ ಮುಚ್ಚಳ ಮಾಡಿಕೊಂಡ ಬಾಣಲೆಯ ಚಿತ್ರ. ಹಸಿ ಸಾಮಾನಿನಿಂದ ಅಲ್ಲೇ ತಯಾರಿಸಿದ ಅಡುಗೆಗೆ ಮಾತ್ರ ಇದನ್ನು ಬಳಸಬೇಕೆಂಬ ನಿಯಮ 2014ರಲ್ಲಿ ಬಂತು. ಸಾಂಪ್ರದಾಯಿಕ ಬೂಶೋನ್‌ಗಳನ್ನು ಗುರುತಿಸಲು 2012ರಲ್ಲಿ ಲಿಯೋನಿನಲ್ಲೇ ಒಂದು ಪ್ರಮಾಣಪತ್ರವೂ ಆರಂಭವಾಯಿತು.

ಆದರೆ ಒಂದೇ ಗುರುತನ್ನು ನಂಬಿ ತೀರ್ಮಾನಕ್ಕೆ ಬರಬಾರದು. ಚೌಕುಳಿಯ ಮೇಜುಬಟ್ಟೆ, ತೂಗುಹಾಕಿದ ತಾಮ್ರದ ಪಾತ್ರೆ, ಗೋಡೆಯ ಮೇಲೆ ಲಿಯೋನಿನ ಸುಪ್ರಸಿದ್ಧ ಗೊಂಬೆ ಗಿಞೋಲ್ – ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಪ್ರಯೋಗಶಾಲೆಯಲ್ಲಿ ಒಂದು ಪರೀಕ್ಷೆಯಿಂದ ಲವಣವನ್ನು ಗುರುತಿಸದೆ ಎರಡು ಮೂರು ಪರೀಕ್ಷೆ ಮಾಡುವಂತೆ, ಇಲ್ಲೂ ಮೂರು ನಾಲ್ಕು ಗುರುತು ಕೂಡಿ ಬಂದರೆ ಮಾತ್ರ ಒಳಗೆ ಹೋಗುವುದು ಜಾಣತನ.

ಒಳಗೆ ಹೋದ ಮೇಲೂ ಒಂದು ಪರೀಕ್ಷೆಯಿದೆ. ‘ಕೆನೆಲ್’ ಎಂಬುದು ಇಲ್ಲಿನ ಹೆಸರಾಂತ ತಿನಿಸು. ಹಿಟ್ಟು, ಬೆಣ್ಣೆ, ಮೊಟ್ಟೆಗಳ ಕಣಕಕ್ಕೆ ಪೈಕ್ ಎಂಬ ಸಿಹಿನೀರಿನ ಮೀನನ್ನು ಅರೆದು ಸೇರಿಸಿ ಉದ್ದುದ್ದ ಉಂಡೆ ಮಾಡಿ ಬೇಯಿಸುತ್ತಾರೆ. ಓವನ್ನಿನ ಬಿಸಿಗೆ ಒಳಗಿನ ನೀರು ಆವಿಯಾಗಿ ಉಂಡೆಯನ್ನು ಉಬ್ಬಿಸುತ್ತದೆ. ಹೊರಗೆ ತೆಗೆದು ತಣ್ಣಗಾದಂತೆ ಅದು ಕುಸಿಯುತ್ತದೆ. ಹಾಗಾಗಿ ಉಬ್ಬಿದ ಕೆನೆಲ್ ಬೇಕಾದರೆ ಕಾಯಲೇಬೇಕು. ಹೇಳಿದ ಎರಡೇ ನಿಮಿಷದಲ್ಲಿ ತಟ್ಟೆ ಬಂದರೆ ಹಿಗ್ಗಬೇಕಾಗಿಲ್ಲ.

ಸಸ್ಯಾಹಾರಿಗಳ ಪಾಡು

ಮೇಲಿನದನ್ನು ಓದಿ ಸಸ್ಯಾಹಾರಿ ಮನೆಗಳ ತಂದೆತಾಯಿಯರು ಹುಬ್ಬು ಗಂಟಿಕ್ಕಿದರೆ ಆಶ್ಚರ್ಯವಿಲ್ಲ. ಬೂಶೋನ್ ಮೂಲತಃ ಮಾಂಸದ ಊಟದ ಮನೆ. ಆದರೂ ದಾರಿ ಇಲ್ಲದಿಲ್ಲ. ನೇಕಾರರ ಹೆಸರನ್ನೇ ಹೊತ್ತ ‘ಸೆರ್ವೆಲ್ ದ ಕನ್ಯೂ’ ಎಂಬ ತಿನಿಸಿಗೆ ‘ನೇಕಾರನ ಮಿದುಳು’ ಎಂದು ಅರ್ಥ. ಹೆಸರು ಕೇಳಿ ಹೆದರಬೇಕಿಲ್ಲ. ಅದು ಹಸಿ ಗಿಣ್ಣಿಗೆ ಬೆಳ್ಳುಳ್ಳಿ, ಸಣ್ಣ ಈರುಳ್ಳಿ, ಸೊಪ್ಪು, ಎಣ್ಣೆ ಬೆರೆಸಿದ್ದು, ಬ್ರೆಡ್ಡಿನೊಡನೆ ತಿನ್ನುವಂಥದು. ಕೆನೆಯಲ್ಲಿ ಬೇಯಿಸಿದ ಆಲೂಗಡ್ಡೆಯ ‘ಗ್ರಾತಾಂ’, ಬೇಳೆಕಾಳಿನ ಸಲಾಡ್, ಕೆಂಪು ಸಕ್ಕರೆ ಹಚ್ಚಿದ ಬಾದಾಮಿಯ ಸಿಹಿ ಕಡುಬು ಬಹಳ ಕಡೆ ಸಿಗುತ್ತವೆ. ಮೊಟ್ಟೆ ತಿನ್ನುವವರು ಮೀನಿಲ್ಲದ ಕೆನೆಲ್ ಇದೆಯೇ ಎಂದು ಕೇಳಬಹುದು. ಆದರೆ ಮೇಲಿನ ಗೊಜ್ಜು ಯಾವುದರದು ಎಂದೂ ಕೇಳಬೇಕು. ಈರುಳ್ಳಿ ಸೂಪಿನಲ್ಲಿ ಮಾಂಸದ ಸಾರು, ಹಸಿರು ಸಲಾಡಿನಲ್ಲಿ ಹಂದಿಮಾಂಸದ ತುಣುಕು ಇರುವುದು ಸಾಮಾನ್ಯ.

ಓದಲು ಅಲ್ಲಿಗೆ ಹೋಗುವ ವಿದ್ಯಾರ್ಥಿಗಳು ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು: ‘ಜ್ಯು ನ ಮಾಂಜ್ ನಿ ವ್ಯಾಂದ್ ನಿ ಪ್ವಾಸೋಂ’ – ನಾನು ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಎನ್ನುವುದನ್ನು ಮರೆಯಬಾರದು. ನಮಸ್ಕಾರ ಹೇಳದೆ ಮೇಜು ಹಿಡಿಯುವುದು ಅಲ್ಲಿ ಒರಟುತನ. ಹಣದ ಚಿಂತೆಯಿದ್ದರೆ ಮಧ್ಯಾಹ್ನದ ಊಟವೇ ಲೇಸು. ‘ಪ್ಲಾ ದ್ಯು ಜೂರ್’, ಅಂದರೆ ದಿನದ ಅಡುಗೆ, ರಾತ್ರಿಯ ಊಟಕ್ಕಿಂತ ಅಗ್ಗ. ನಲ್ಲಿ ನೀರಿನ ಹೂಜಿಗೆ, ಬ್ರೆಡ್ಡಿಗೆ ಬೇರೆ ಹಣವಿಲ್ಲ. ಬಡಿಸುವವರ ಶುಲ್ಕವೂ ಬೆಲೆಯಲ್ಲೇ ಸೇರಿರುತ್ತದೆ.

ಉಳಿಸುವವರು ಯಾರು?

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯಿದೆ. ಪ್ರವಾಸಿ ಬೀದಿಗಳಲ್ಲಿ ಊಟವೂ ನೋಟಕ್ಕೇ ಸೇರಿಬಿಡುವ ಅಪಾಯವಿದೆ. ಚಂದದ ಕಮಾನಿನ ಕೆಳಗೆ ಕುಳಿತು ಫೋಟೋ ತೆಗೆದುಕೊಂಡವನಿಗೆ ತಟ್ಟೆಯಲ್ಲಿ ಏನಿತ್ತೆಂಬುದು ನೆನಪಿರದಿದ್ದರೆ ಮುಂದಿನ ವರ್ಷ ಆ ಅಡುಗೆಮನೆಗೆ ಅಡುಗೆಯವನೇ ಬೇಡವಾಗಬಹುದು. 1960ರ ದಶಕದಲ್ಲಿ ಹಳೆಯ ಲಿಯೋನಿನ ಗೋಡೆಗಳಿಗೆ ಕಾನೂನು ಆಸರೆಯಾಯಿತು. ಬೋಟಿಯನ್ನು ಗಂಟೆಗಟ್ಟಲೆ ಬೇಯಿಸುವ ತಾಳ್ಮೆಯನ್ನು ಯಾವ ಕಾನೂನೂ ಕಡ್ಡಾಯ ಮಾಡಲಾರದು. ಅಡುಗೆ ಕಲಿಯುವುದು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ನಿಂತು. ಒಂದು ತಲೆಮಾರು ಬಿಟ್ಟುಹೋದರೆ ಪುಸ್ತಕ ಓದಿ ಅದನ್ನು ಮರಳಿ ತರುವುದು ಕಷ್ಟ.

ಅದಕ್ಕೇ ಅಲ್ಲಿಗೆ ಹೋದವರು ದೊಡ್ಡ ಬೀದಿಯಿಂದ ಸ್ವಲ್ಪ ಸರಿದು, ಸ್ಯಾಂ ಜಾರ್ಜಿನ ಕಡೆಯ ಶಾಂತ ಗಲ್ಲಿಗಳಲ್ಲಿ ಹತ್ತು ನಿಮಿಷ ಹೆಚ್ಚು ನಡೆಯಲಿ. ಕರಿಹಲಗೆಯ ಮೇಲಿನ ನಾಲ್ಕೇ ಸಾಲನ್ನು ನಿಧಾನವಾಗಿ ಓದಲಿ. ಇಕ್ಕಟ್ಟಾದ ಮೇಜಿನಲ್ಲಿ ಮೊಣಕೈ ತಾಗಿಸಿಕೊಂಡು ಕುಳಿತು, ಅಡುಗೆಗೆ ಬೇಕಾದಷ್ಟು ಹೊತ್ತು ಕಾಯಲಿ. ಅಂಥ ಗಿರಾಕಿಗಳು ಇರುವವರೆಗೆ ತಾಯಂದಿರು ಹಚ್ಚಿದ ಒಲೆ ಆ ಕೇರಿಯಲ್ಲಿ ಉರಿಯುತ್ತಲೇ ಇರುತ್ತದೆ.